ರಾಜೇಸಾಬರಿಂದ ರಾಜು ತಾಳಿಕೋಟಿಯವರೆಗೆ

ತಾಳಿಕೋಟಿ ಎಂಬ ಊರಿನ ಹೆಸರನ್ನು ನಾವೆಲ್ಲ ಮೊದಲು ಓದಿದ್ದು ಶಾಲೆಯ ಇತಿಹಾಸದ ಪುಸ್ತಕದಲ್ಲಿ. 1565ರ ಜನವರಿಯಲ್ಲಿ ವಿಜಯನಗರದ ಸೈನ್ಯಕ್ಕೂ ದಖ್ಖನದ ಸುಲ್ತಾನರ ಸೈನ್ಯಗಳಿಗೂ ನಡೆದ ಯುದ್ಧ ಆ ಊರಿನ ಹೆಸರಿಗೆ ಅಂಟಿಕೊಂಡಿತು. ಕಾಳಗ ನಡೆದದ್ದು ರಕ್ಕಸಗಿ–ತಂಗಡಗಿಯ ಬಳಿ ಎಂದು ಹೇಳುವವರಿದ್ದರೂ ಪಾಠದ ಹೆಸರು ಬದಲಾಗಲಿಲ್ಲ. ಆ ಪಾಠ ಬಂದ ದಿನ ತರಗತಿಯಲ್ಲಿ ಕೂತ ಸಾಬರ ಹುಡುಗನ ಕಡೆ ನಾಲ್ಕು ಕಣ್ಣು ತಿರುಗುವುದು ನಮ್ಮಲ್ಲಿ ಅನೇಕರಿಗೆ ಗೊತ್ತಿರುವ ಸಂಗತಿ. ಆದರೆ ಅದೇ ಹೆಸರು ನಮ್ಮ ಕಾಲದಲ್ಲಿ ಇನ್ನೊಂದು ಅರ್ಥವನ್ನು ಪಡೆಯಿತು. ಬಸ್ಸಿನಲ್ಲೋ ಚಹಾದಂಗಡಿಯಲ್ಲೋ ಯಾರಾದರೂ ‘ತಾಳಿಕೋಟಿ’ ಎಂದರೆ ಕೇಳಿದವರ ಮುಖದಲ್ಲಿ ನಗೆ ಮೂಡತೊಡಗಿತು. ಯುದ್ಧದ ಹೆಸರನ್ನು ನಗೆಯ ಹೆಸರಾಗಿಸಿದ ಆ ಕಲಾವಿದ ರಾಜು ತಾಳಿಕೋಟಿ. ಹುಟ್ಟುಹೆಸರು ರಾಜೇಸಾಬ.

2025ರ ಅಕ್ಟೋಬರ್ 13ರಂದು ಅವರು ತೀರಿಕೊಂಡರು. ಸಿನಿಮಾ ಚಿತ್ರೀಕರಣಕ್ಕೆಂದು ಉಡುಪಿ ಜಿಲ್ಲೆಗೆ ಹೋಗಿದ್ದಾಗ ಹೃದಯಾಘಾತವಾಗಿ, ಮಣಿಪಾಲದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಮರುದಿನ ಪತ್ರಿಕೆಗಳು ಅವರನ್ನು ‘ಬಿಗ್ ಬಾಸ್ ಖ್ಯಾತಿಯ ಹಾಸ್ಯನಟ’ ಎಂದು ಕರೆದವು. ಅದು ಸುಳ್ಳಲ್ಲ. ಆದರೆ ಆ ಖ್ಯಾತಿ ಅವರ ಬದುಕಿನ ಕೊನೆಯ ಅಧ್ಯಾಯಗಳಲ್ಲಿ ಒಂದು ಮಾತ್ರ. ಅದಕ್ಕೂ ಹಿಂದಿನ ಅಧ್ಯಾಯಗಳು ಟಿ.ವಿ. ಪರದೆಯಿಂದಾಚೆ, ತಗಡಿನ ಗೋಡೆಯ ನಾಟಕ ಟೆಂಟಿನೊಳಗೆ ನಡೆದವು. ಅವನ್ನು ಬಿಟ್ಟು ಈ ಕಲಾವಿದನನ್ನು ಅರಿಯಲು ಬಾರದು.

ರಾಜೇಸಾಬರು ವಿಜಯಪುರ ಜಿಲ್ಲೆಯವರು. ಸಿಂದಗಿ ತಾಲೂಕಿನ ಚಿಕ್ಕಸಿಂದಗಿ ಅವರ ಊರು, ಅವರನ್ನು ಮಣ್ಣಿಗಿಟ್ಟದ್ದೂ ಅಲ್ಲಿಯೇ. ತಂದೆ ತಾಯಿ ಇಬ್ಬರೂ ನಾಟಕದವರು. ಮನೆತನದ ಬದುಕು ನಡೆದದ್ದು ತಾಳಿಕೋಟಿಯ ಶ್ರೀ ಖಾಸ್ಗತೇಶ್ವರ ನಾಟ್ಯ ಸಂಘದಲ್ಲಿ. ಹುಡುಗ ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ, ಅದೂ ಖಾಸ್ಗತೇಶ್ವರ ಮಠದ ಆಶ್ರಯದಲ್ಲಿ. ತಂದೆ ತಾಯಿ ತೀರಿಕೊಂಡ ಮೇಲೆ ಶಾಲೆ ತಪ್ಪಿತು. ಹೋಟೆಲಿನಲ್ಲಿ ದುಡಿದರು, ಲಾರಿಯಲ್ಲಿ ಕ್ಲೀನರ್ ಆಗಿ ತಿರುಗಿದರು, ಕಡೆಗೆ ಮತ್ತೆ ನಾಟಕಕ್ಕೇ ಬಂದರು. ಮಠದ ಅನ್ನ, ಮಠದ ಅಕ್ಷರ, ಮಠದ ದೇವರ ಹೆಸರು ಹೊತ್ತ ಕಂಪನಿ, ಅದನ್ನು ನಡೆಸಿದ್ದು ಒಂದು ಮುಸ್ಲಿಂ ಕುಟುಂಬ. ಇಂದು ಇದನ್ನು ಕೇಳಿದರೆ ‘ಭಾವೈಕ್ಯ’ ಎಂದು ಭಾಷಣ ಮಾಡುವವರಿದ್ದಾರೆ. ಆ ಸೀಮೆಯ ಜನ ಇದಕ್ಕೊಂದು ಹೆಸರು ಇಡಬೇಕೆಂದೇ ಯೋಚಿಸಿರಲಿಲ್ಲ. ಅವರಿಗೆ ಅದು ನಿತ್ಯದ ಬದುಕು.

ಅದು ರಾಜೇಸಾಬರೊಬ್ಬರ ಕಥೆಯೂ ಅಲ್ಲ. ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ ಇದೇ ಸೀಮೆಯಿಂದ ಹೊರಟವರು. ಗೋಹರಬಾಯಿ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ಹಾಡಿ ನಟಿಸಿದರೆ, ಅಮೀರಬಾಯಿ ಮುಂಬಯಿಯ ಹಿಂದಿ ಚಿತ್ರಗಳ ಗಾಯಕಿಯಾದರು. ಇತ್ತ ಹಳೆಯ ಮೈಸೂರಿನ ಕಡೆ ಮಹಮ್ಮದ್ ಪೀರರು ಚಂದ್ರಕಲಾ ನಾಟಕ ಮಂಡಳಿಯನ್ನು ಕಟ್ಟಿ 1930ರ ದಶಕದಲ್ಲಿ ಹೆಸರು ಮಾಡಿದರು. ಕನ್ನಡ ರಂಗಭೂಮಿಯ ಮನೆಯಲ್ಲಿ ನಮ್ಮವರು ಬಾಡಿಗೆಯವರಾಗಿರಲಿಲ್ಲ.

ರೋಣ ತಾಲೂಕಿನ ಅಸೂಟಿ ನಮ್ಮೂರು. ಅಸೂಟಿಯಂಥ ಊರುಗಳಿಗೆ ನಾಟಕ ಹೊಸದಲ್ಲ. ಶಾಂತಕವಿಗಳು ಮರಾಠಿ ನಾಟಕಗಳ ಅಬ್ಬರಕ್ಕೆ ಎದುರಾಗಿ 1870ರ ದಶಕದಲ್ಲಿ ಕನ್ನಡದ ನಾಟಕ ಮಂಡಳಿ ಕಟ್ಟಿದ್ದು ನಮ್ಮ ಗದುಗಿನಲ್ಲಿ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದುಗಿನದು. ಅಂಧ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮವೂ ಕಂಪನಿ ಕಟ್ಟಿ ನಾಟಕವಾಡಿಸಿತು. ಸುಗ್ಗಿ ಮುಗಿದರೆ ಊರೂರಲ್ಲಿ ಹುಡುಗರು ಪೇಟಿ ಮಾಸ್ತರನನ್ನು ಕರೆಸಿ ತಾಲೀಮು ನಡೆಸುತ್ತಾರೆ. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಗೊತ್ತು ಮಾಡುತ್ತಾರೆ. ಇನ್ನು ಕಂಪನಿ ನಾಟಕ ನೋಡಬೇಕೆಂದರೆ ಬದಾಮಿಯ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗಬೇಕು. ಬನದ ಹುಣ್ಣಿಮೆಯ ಆ ಜಾತ್ರೆಯಲ್ಲಿ ಕಂಪನಿಗಳು ಸಾಲಾಗಿ ಟೆಂಟು ಹಾಕಿ ವಾರಗಟ್ಟಲೆ ಮೊಕ್ಕಾಂ ಮಾಡುತ್ತವೆ. ಒಂದೇ ದಿನಕ್ಕೆ ಎರಡು ಮೂರು ಪ್ರಯೋಗಗಳಾಗುವುದೂ ಉಂಟು. ಉಳಿದ ತಿಂಗಳುಗಳ ಸಾಲ ತೀರುವುದು ಇಂಥ ಜಾತ್ರೆಗಳ ಗಲ್ಲೆಯಿಂದಲೇ.

ಈ ಕಂಪನಿಗಳಲ್ಲಿ ಹಾಸ್ಯನಟನ ಸ್ಥಾನ ಬದಲಾದ ರೀತಿಯನ್ನು ಗಮನಿಸಬೇಕು. ಹಿಂದೆ ಹಾಸ್ಯವೆಂದರೆ ಮುಂದಿನ ಪರದೆಯ ದೃಶ್ಯ. ಪರದೆಯ ಹಿಂದೆ ಅರಮನೆಯ ಸೀನು ಕಳಚಿ ಕಾಡಿನ ಸೀನು ಜೋಡಿಸುವ ಹೊತ್ತಿನಲ್ಲಿ ಜನ ಗದ್ದಲ ಮಾಡದಂತೆ ಹಿಡಿದಿಡುವುದು ಹಾಸ್ಯಗಾರನ ಕೆಲಸ. ಸಿನಿಮಾ ಬಂದು, ಆಮೇಲೆ ಟಿ.ವಿ. ಮನೆಮನೆಗೆ ಬಂದು ಕಂಪನಿಗಳ ಬೆನ್ನು ಮುರಿಯತೊಡಗಿದಾಗ, ಹಾಡುವ ನಟರು ಕಡಿಮೆಯಾದರು, ಪೌರಾಣಿಕ ನಾಟಕಗಳ ಖರ್ಚು ಹೊರೆಯಾಯಿತು. ಆಗ ಟೆಂಟನ್ನು ಎತ್ತಿ ಹಿಡಿದವನು ಹಾಸ್ಯಗಾರ. ಮುಂದಿನ ಪರದೆಯವನೇ ಇಡೀ ನಾಟಕವಾದ. ರಾಜು ತಾಳಿಕೋಟಿ ಬೆಳೆದದ್ದು ಈ ತಿರುವಿನಲ್ಲಿ.

ಅವರಿಗೆ ಹೆಸರು ತಂದದ್ದು ‘ಕಲಿಯುಗದ ಕುಡುಕ’. ಅದರ ಧ್ವನಿಸುರುಳಿಗಳು ಉತ್ತರ ಕರ್ನಾಟಕದ ತುಂಬ ಹರಿದಾಡಿದವು. ಹೊಲಕ್ಕೆ ಹೊರಟ ಟ್ರ್ಯಾಕ್ಟರಿನಲ್ಲಿ, ಬಸ್ ನಿಲ್ದಾಣದ ಪಾನ್ ಅಂಗಡಿಯಲ್ಲಿ, ಮದುವೆಯ ಚಪ್ಪರದ ಧ್ವನಿವರ್ಧಕದಲ್ಲಿ ಅದೇ ದನಿ. ಕ್ಯಾಸೆಟ್ಟು ಎಂಬ ಅಗ್ಗದ ಸಾಧನ ಒಬ್ಬ ಕಂಪನಿ ನಟನಿಗೆ ಯಾವ ಪತ್ರಿಕೆಯೂ ಯಾವ ಅಕಾಡೆಮಿಯೂ ಕೊಡದ ಶ್ರೋತೃಗಳನ್ನು ಕೊಟ್ಟಿತು. ಜನ ಅವರ ಮುಖ ನೋಡುವ ಮೊದಲೇ ದನಿಯನ್ನು ಗುರುತಿಸಿದರು. ಮುಖ ಪರಿಚಯವಾದದ್ದು ತಡವಾಗಿ, ಯೋಗರಾಜ ಭಟ್ಟರ ‘ಮನಸಾರೆ’ (2009) ಮತ್ತು ‘ಪಂಚರಂಗಿ’ (2010) ಚಿತ್ರಗಳಲ್ಲಿ. ಆಮೇಲೆ ‘ಮೈನಾ’ (2013) ಮೊದಲಾದ ಚಿತ್ರಗಳು ಬಂದವು. 2019ರಲ್ಲಿ ಬಿಗ್ ಬಾಸ್ ಏಳನೆಯ ಆವೃತ್ತಿಯ ಮನೆಯೊಳಗೆ ಹೋದಾಗ, ಟೆಂಟನ್ನೇ ಕಾಣದ ಬೆಂಗಳೂರಿನ ಹುಡುಗರಿಗೂ ಅವರು ಪರಿಚಿತರಾದರು.

ಇಲ್ಲಿ ನಮಗೆ ಮುಖ್ಯವೆನಿಸುವ ಮಾತೊಂದಿದೆ. ಕನ್ನಡದ ಸಿನಿಮಾ ಮತ್ತು ಟಿ.ವಿ. ಹಾಸ್ಯದಲ್ಲಿ ಒಬ್ಬ ‘ಸಾಬರು’ ಇರುತ್ತಾನೆ. ಅವನು ಗಂಡಿಗೂ ಹೆಣ್ಣಿಗೂ ‘ಬಂತು, ಹೋಯ್ತು’ ಎನ್ನಬೇಕು, ಮಾತಿಗೊಮ್ಮೆ ‘ನಮ್ದು ನಿಮ್ದು’ ಎನ್ನಬೇಕು, ಆಗ ಜನ ನಗಬೇಕು. ಉರ್ದು ಮನೆಮಾತಿನವರು ಕೆಲವು ಕಡೆ ಹಾಗೆ ಮಾತಾಡುವುದು ನಿಜವೇ ಆದರೂ, ಪರದೆಯ ಮೇಲೆ ಅದೊಂದೇ ಮುಸಲ್ಮಾನನ ಕನ್ನಡವಾಗಿಬಿಟ್ಟಿತು. ಉತ್ತರ ಕರ್ನಾಟಕದವನ ಗತಿಯೂ ಹೆಚ್ಚುಕಡಿಮೆ ಅದೇ. ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳ ಕಾಲದಲ್ಲಿ ಟಿ.ವಿ.ಯ ನಗೆ ಬೆಂಗಳೂರಿನ ಮಧ್ಯಮ ವರ್ಗದ ಮನೆಯ ಮಾತಿನಲ್ಲಿತ್ತು. ನಮ್ಮ ಕಡೆಯ ಮಾತು ಬಂದರೆ ಅದು ಅಡುಗೆಯವನದೋ ಕಾವಲುಗಾರನದೋ ಆಗಿರುತ್ತಿತ್ತು. ರಾಜೇಸಾಬರು ಈ ಎರಡೂ ಅಚ್ಚುಗಳಿಗೆ ಸಿಗಲಿಲ್ಲ. ಅವರ ಬಾಯಲ್ಲಿ ಬಂದದ್ದು ವಿಜಯಪುರದ ಹದವಾದ ಕನ್ನಡ, ಗಾದೆ ಬೈಗುಳ ಒಗಟುಗಳ ಸಮೇತ. ಅವರ ಮಾತಿಗೆ ಜನ ನಕ್ಕದ್ದು ಮಾತು ತಪ್ಪಾಗಿದೆ ಎಂದಲ್ಲ, ಚುರುಕಾಗಿದೆ ಎಂದು. ಅವರು ಮುಸಲ್ಮಾನರೆಂದು ಕ್ಯಾಸೆಟ್ಟು ಕೇಳಿದ ಎಷ್ಟೋ ಮಂದಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವರಿಗೆ ಅದು ವಿಶೇಷವೆನಿಸಲಿಲ್ಲ. ಮುಸ್ಲಿಮರಿಗೆ ಕನ್ನಡ ಬಾರದು ಎಂಬ ಹಳೆಯ ಆರೋಪಕ್ಕೆ ನಾವು ಬರೆದ ಲೇಖನಗಳಿಗಿಂತ ಆ ಕ್ಯಾಸೆಟ್ಟುಗಳೇ ಗಟ್ಟಿಯಾದ ಉತ್ತರ.

ಹಾಗೆಂದು ಎಲ್ಲವನ್ನೂ ಹೊಗಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಕಂಪನಿ ಹಾಸ್ಯದ ಮೇಲೆ ದ್ವಂದ್ವಾರ್ಥದ ದೂರು ಬಹಳ ಕಾಲದಿಂದ ಇದೆ, ಅದು ಆಧಾರವಿಲ್ಲದ ದೂರೂ ಅಲ್ಲ. ಗಲ್ಲೆ ತುಂಬಿಸುವ ಒತ್ತಡದಲ್ಲಿ ಹೆಣ್ಣನ್ನು ಹಗುರ ಮಾಡುವ ಮಾತುಗಳು ರಂಗದ ಮೇಲೆ ಸಲೀಸಾದವು. ಕುಡುಕನ ಪಾತ್ರವೂ ಎರಡು ಅಲಗಿನ ಕತ್ತಿ. ಮರ್ಯಾದಸ್ಥರು ಹೇಳಲು ಹೆದರುವ ಸತ್ಯವನ್ನು ಕುಡುಕನ ಬಾಯಿಂದ ಹೇಳಿಸುವುದು ನಾಟಕದ ಹಳೆಯ ಉಪಾಯ. ಆದರೆ ನಿತ್ಯ ಹೊಡೆತ ತಿನ್ನುವ ಮನೆಯ ಹೆಣ್ಣುಮಗಳು ಆ ಕುಡುಕನನ್ನು ನೋಡಿ ಅದೇ ನಗು ನಗಬಲ್ಲಳೇ? ಒಂದು ಪಾತ್ರ ಗೆದ್ದ ಮೇಲೆ ಮಾರುಕಟ್ಟೆ ಅದನ್ನೇ ಮತ್ತೆ ಮತ್ತೆ ಕೇಳಿತು. ‘ಕುಡುಕರ ಸಾಮ್ರಾಜ್ಯ’, ‘ಅಸಲಿ ಕುಡುಕ’ ಎಂದು ಹೆಸರುಗಳು ಬೆಳೆದವು. ಅಪಾರ ಶಕ್ತಿಯ ನಟನೊಬ್ಬ ಒಂದೇ ವೇಷದಲ್ಲಿ ಸಿಕ್ಕಿಬಿದ್ದದ್ದಕ್ಕೆ ಟಿಕೆಟ್ ಕೊಂಡ ನಾವೂ ಹೊಣೆಗಾರರು.

2024ರ ಆಗಸ್ಟಿನಲ್ಲಿ ಸರ್ಕಾರ ಅವರನ್ನು ಧಾರವಾಡ ರಂಗಾಯಣದ ನಿರ್ದೇಶಕರನ್ನಾಗಿ ನೇಮಿಸಿತು. ಇದರ ಅರ್ಥ ಸಣ್ಣದಲ್ಲ. 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣ ಆಧುನಿಕ ರಂಗಭೂಮಿಯ ಸಂಸ್ಥೆ. ಆ ಪರಂಪರೆಯವರಿಗೂ ಟೆಂಟಿನವರಿಗೂ ನಡುವೆ ಇದ್ದ ಗೋಡೆ ತಗಡಿನದಲ್ಲ, ಕಲ್ಲಿನದು. ಅವರು ಇವರನ್ನು ಅಗ್ಗದವರೆಂದರು, ಇವರು ಅವರನ್ನು ಜನರಿಲ್ಲದ ನಾಟಕದವರೆಂದರು. ನಾಲ್ಕನೆಯ ಇಯತ್ತೆ ಓದಿದ ಕಂಪನಿ ನಟ ಆ ಕುರ್ಚಿಯಲ್ಲಿ ಕೂತಾಗ ವೃತ್ತಿರಂಗಭೂಮಿಗೆ ತಡವಾಗಿಯಾದರೂ ಒಂದು ಮಾನ ಸಂದಿತು. ಅವರಿಗೆ ಸಿಕ್ಕ ಕಾಲ ಮಾತ್ರ ವರ್ಷಕ್ಕಿಂತ ಸ್ವಲ್ಪ ಹೆಚ್ಚು.

ಈಗ ಉಳಿದಿರುವುದೇನು? ಸಿನಿಮಾಗಳು ಉಳಿಯುತ್ತವೆ, ಬಿಗ್ ಬಾಸಿನ ತುಣುಕುಗಳು ಮೊಬೈಲಿನಲ್ಲಿ ಓಡಾಡುತ್ತವೆ. ಆದರೆ ಟೆಂಟಿನ ನಟ ಪ್ರತಿ ರಾತ್ರಿ ಆ ಊರಿನ ಸುದ್ದಿ ಹಿಡಿದು ಹೊಸದಾಗಿ ಹೊಸೆಯುವ ಮಾತು ಯಾವ ಹಸ್ತಪ್ರತಿಯಲ್ಲೂ ಇರುವುದಿಲ್ಲ. ಮನೆಗಳ ಅಟ್ಟದ ಮೇಲಿನ ಕ್ಯಾಸೆಟ್ಟುಗಳ ರೀಲು ದಿನೇ ದಿನೇ ಅಂಟಿಕೊಳ್ಳುತ್ತಿದೆ. ವಿಶ್ವವಿದ್ಯಾಲಯಗಳು, ನಾಟಕ ಅಕಾಡೆಮಿ, ರಂಗಾಯಣ, ಇವುಗಳಲ್ಲಿ ಯಾರಾದರೂ ಸರಿ, ಹಳ್ಳಿಹಳ್ಳಿಗಳಿಂದ ಆ ಕ್ಯಾಸೆಟ್ಟುಗಳನ್ನು ಕೂಡಿಹಾಕಿ, ಕಂಪನಿಯ ಹಿರಿಯ ಕಲಾವಿದರನ್ನು ಕೂಡಿಸಿ ಮಾತಾಡಿಸಿ ದಾಖಲಿಸಬೇಕು. 1565ರ ತಾಳಿಕೋಟಿಗೆ ಪುಸ್ತಕಗಳಲ್ಲಿ ಪುಟಗಳಿಗೆ ಕೊರತೆಯಿಲ್ಲ. ರಾಜೇಸಾಬರ ತಾಳಿಕೋಟಿಗೂ ಒಂದೆರಡು ಪುಟ ಸಿಗಲಿ. ನಮ್ಮ ಮಕ್ಕಳು ಎರಡನ್ನೂ ಓದಬೇಕು.