ವಿನ್‌ಮೋಡೆಮ್ ಮತ್ತು ಲಿನಕ್ಸ್

ವಿನ್‌ಮೋಡೆಮ್ ಎಂದರೆ ದೂರವಾಣಿ ತಂತಿಯ ಮೂಲಕ ಅಂತರಜಾಲಕ್ಕೆ ಸಂಪರ್ಕ ಕೊಡುವ, ಆದರೆ ತನ್ನ ಕೆಲಸದ ಬಹುಭಾಗವನ್ನು ಕಂಪ್ಯೂಟರಿನ ಪ್ರೊಸೆಸರಿಗೇ ವಹಿಸುವ ಮೋಡೆಮ್. ಈ ಹೆಸರು ಮೂಲತಃ ಯುಎಸ್ ರೊಬೋಟಿಕ್ಸ್ ಕಂಪನಿಯ ಟ್ರೇಡ್‌ಮಾರ್ಕ್. ಬಳಕೆಯಲ್ಲಿ ಆ ಬಗೆಯ ಎಲ್ಲ ಮೋಡೆಮ್‌ಗಳಿಗೂ ಅಂಟಿಕೊಂಡಿತು. 1990ರ ದಶಕದ ಕೊನೆಯಿಂದ ಹಲವು ವರ್ಷ ಇವನ್ನು ವಿಂಡೋಸ್ ಹೊರತಾದ ವ್ಯವಸ್ಥೆಗಳಲ್ಲಿ, ಮುಖ್ಯವಾಗಿ ಲಿನಕ್ಸ್‌ನಲ್ಲಿ, ನಡೆಸುವ ಪ್ರಯತ್ನಗಳು ನಡೆದವು.

1981ರಲ್ಲಿ ಬಂದ ಹೇಯ್ಸ್ ಸ್ಮಾರ್ಟ್‌ಮೋಡೆಮ್ ಮಾದರಿಯ ಸಾಧನಗಳು ಸ್ವಯಂಪೂರ್ಣವಾಗಿದ್ದವು. ಸೀರಿಯಲ್ ಪೋರ್ಟಿಗೆ ‘ಎಟಿ’ಯಿಂದ ಆರಂಭವಾಗುವ ಆದೇಶ ಕಳಿಸಿದರೆ ಸಾಕು, ಡಯಲ್ ಮಾಡುವುದರಿಂದ ಹಿಡಿದು ದೋಷ ತಿದ್ದುವವರೆಗೆ ಎಲ್ಲವೂ ಒಳಗಿನ ಚಿಪ್‌ಗಳ ಹೊಣೆ. ಕಂಪ್ಯೂಟರಿನಲ್ಲಿ ಯಾವ ವ್ಯವಸ್ಥೆ ಇದೆ ಎಂಬುದು ಮೋಡೆಮ್‌ಗೆ ಬೇಕಿರಲಿಲ್ಲ. ಪೆಂಟಿಯಮ್ ಪ್ರೊಸೆಸರುಗಳು ವೇಗ ಪಡೆದಂತೆ ತಯಾರಕರು ಈ ಚಿಪ್‌ಗಳನ್ನು ಒಂದೊಂದಾಗಿ ಕಳಚಿದರು. ಕೆಲವು ಕಾರ್ಡುಗಳಲ್ಲಿ ಸಂಕೇತ ಸಂಸ್ಕರಣೆಯ ಚಿಪ್ ಉಳಿದು ನಿಯಂತ್ರಕ ಮಾತ್ರ ಹೋಯಿತು. ಇನ್ನು ಕೆಲವುಗಳಲ್ಲಿ ಉಳಿದದ್ದು ಧ್ವನಿಯನ್ನು ಅಂಕಿಗಳಾಗಿ, ಅಂಕಿಗಳನ್ನು ಧ್ವನಿಯಾಗಿ ಬದಲಿಸುವ ಭಾಗ ಮತ್ತು ದೂರವಾಣಿ ತಂತಿಯ ಜೋಡಣೆ, ಅಷ್ಟೆ. ಬೆಲೆ ಇಳಿಯಿತು. ಇಂಟೆಲ್‌ನ ಎಸಿ’97 ಎಂಬ ಧ್ವನಿ-ಮೋಡೆಮ್ ವಿನ್ಯಾಸದ ನಂತರ ಇವು ಲ್ಯಾಪ್‌ಟಾಪ್‌ಗಳ ಮದರ್‌ಬೋರ್ಡಿಗೇ ಸೇರಿಕೊಂಡವು.

ಉಳಿತಾಯದ ಹೊರೆ ಬಿದ್ದದ್ದು ವಿಂಡೋಸ್ ಬಳಸದವರ ಮೇಲೆ. ಕಾರ್ಡು ಸೀರಿಯಲ್ ಪೋರ್ಟಿನಂತೆ ಉತ್ತರಿಸುತ್ತಲೇ ಇರಲಿಲ್ಲ. ಮೋಡೆಮ್ ಎನ್ನಬೇಕಾದದ್ದು ಈಗ ಡ್ರೈವರಿನೊಳಗಿತ್ತು, ಡ್ರೈವರ್ ವಿಂಡೋಸಿಗೆ ಮಾತ್ರ ಇತ್ತು. ಪ್ರಿಂಟರ್ ಅಥವಾ ನೆಟ್‌ವರ್ಕ್ ಕಾರ್ಡಿನ ರಿಜಿಸ್ಟರುಗಳನ್ನು ಪರೀಕ್ಷಿಸಿ ಡ್ರೈವರ್ ಬರೆದ ಅನುಭವ ಇಲ್ಲಿ ಸಾಲುತ್ತಿರಲಿಲ್ಲ. ವಿ.34 (ಸೆಕೆಂಡಿಗೆ 33,600 ಬಿಟ್‌ಗಳವರೆಗೆ), ವಿ.90 (56,000 ಬಿಟ್‌ಗಳವರೆಗೆ) ಮಾನದಂಡಗಳ ಪ್ರತಿಧ್ವನಿ ನಿವಾರಣೆ, ತಂತಿಯ ಗುಣಕ್ಕೆ ಹೊಂದಿಕೊಳ್ಳುವ ಗಣಿತ, ಇವೆಲ್ಲವನ್ನೂ ಎಡೆಬಿಡದೆ, ತಡವಿಲ್ಲದೆ ಲೆಕ್ಕಹಾಕಬೇಕು. ಮಾನದಂಡಗಳು ಪ್ರಕಟವಾಗಿದ್ದರೂ ಅವುಗಳ ತಂತ್ರಗಳ ಮೇಲೆ ಪೇಟೆಂಟ್‌ಗಳಿದ್ದವು. ಕಂಪನಿಗಳಿಗೆ ಮಾರಲು ಉಳಿದಿದ್ದ ನಿಜವಾದ ಸರಕೂ ಈ ತಂತ್ರಾಂಶವೇ ಆಗಿದ್ದರಿಂದ ಸೋರ್ಸ್ ಕೋಡ್ ಬಿಟ್ಟುಕೊಡಲು ಅವು ಒಪ್ಪಲಿಲ್ಲ.

ಸ್ವತಂತ್ರವಾಗಿ ಬರೆಯಹೊರಟವರಲ್ಲಿ ಫ್ರಾನ್ಸಿನ ಫ್ಯಾಬ್ರೀಸ್ ಬೆಲ್ಲಾರ್ ಪ್ರಮುಖರು. ಮುಂದೆ ಎಫ್‌ಎಫ್‌ಎಂಪೆಗ್ ಮತ್ತು ಕ್ಯೂಇಎಂಯು ಎಂಬ ಮುಕ್ತ ತಂತ್ರಾಂಶಗಳನ್ನು ರಚಿಸಿದವರೂ ಇವರೇ. ಇವರ ‘ಲಿನ್‌ಮೋಡೆಮ್’ ಹಳೆಯ, ನಿಧಾನದ ಮಾನದಂಡಗಳ ಜೊತೆ ವಿ.34ನ್ನೂ ಮುಕ್ತ ತಂತ್ರಾಂಶದಲ್ಲಿ ಬರೆಯುವ ಪ್ರಯತ್ನ. ಅದು ಪ್ರಯೋಗದ ಹಂತ ದಾಟಲಿಲ್ಲ. ಆದರೂ ಈ ಇತಿಹಾಸದಲ್ಲಿ ಸಮಸ್ಯೆಯ ಬೇರಿಗೇ ಕೈಹಾಕಿದ ಕೆಲಸವೆಂದು ಅದಕ್ಕೆ ದೊಡ್ಡ ಸ್ಥಾನ ಸಲ್ಲಬೇಕು.

ಬಳಕೆದಾರರ ಕೈಗೆ ಬಂದದ್ದು ರಾಜಿಯ ಪರಿಹಾರ. ಲೂಸೆಂಟ್ (ನಂತರ ಅಗೇರ್) ಚಿಪ್‌ಗಳ ‘ಎಲ್‌ಟಿಮೋಡೆಮ್’ ಡ್ರೈವರಿನಲ್ಲಿ ಮುಖ್ಯ ಭಾಗ ಮುಚ್ಚಿದ ಬೈನರಿ, ಅದನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಜೋಡಿಸುವ ತೆಳು ಪದರ ಮಾತ್ರ ಸೋರ್ಸ್ ರೂಪದಲ್ಲಿತ್ತು. ಪಿಸಿಟೆಲ್ ಚಿಪ್‌ಗಳ ಡ್ರೈವರೂ ಇದೇ ಬಗೆಯದು. ಥಿಂಕ್‌ಪ್ಯಾಡ್ 600ರಂಥ ಲ್ಯಾಪ್‌ಟಾಪ್‌ಗಳ ಎಂವೇವ್ ಮೋಡೆಮ್‌ಗೆ ಐಬಿಎಂ ತಾನೇ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಡ್ರೈವರ್ ಕೊಟ್ಟಿತು. ಅದು ಕರ್ನಲ್‌ಗೂ ಸೇರಿತು. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ವ್ಯವಸ್ಥೆಯಲ್ಲೂ ಲೂಸೆಂಟ್ ಬೈನರಿಯನ್ನು ಬಳಸುವ ಡ್ರೈವರ್ ಲಭ್ಯವಿತ್ತು. ಇಂಥ ಬೈನರಿ ಡ್ರೈವರುಗಳಲ್ಲಿ ಲಿನಕ್ಸ್ ಕರ್ನಲ್ ಬದಲಾದಾಗಲೆಲ್ಲ ಆ ತೆಳು ಪದರವನ್ನು ಮತ್ತೆ ಕಂಪೈಲ್ ಮಾಡಬೇಕಾಗುತ್ತಿತ್ತು. ಡಿಸೆಂಬರ್ 2003ರಲ್ಲಿ 2.6 ಕರ್ನಲ್ ಬಂದಾಗ ಹಳೆಯ ಡ್ರೈವರುಗಳು ಹಾಗೆಯೇ ನಡೆಯದಾದವು. ಮೋಡೆಮ್ ಕೆಲಸ ಮಾಡಲು ಬೇಕಾದ ಡ್ರೈವರ್ ಕಡತವನ್ನು ಅಂತರಜಾಲದಿಂದ ತರಲು ಮೋಡೆಮ್ಮೇ ಬೇಕಿತ್ತು. ವಿಂಡೋಸ್‌ನಲ್ಲಿ ಡೌನ್‌ಲೋಡ್ ಮಾಡಿ, ಲಿನಕ್ಸ್ ಓದಬಲ್ಲ ಡಿಸ್ಕ್ ಭಾಗದಲ್ಲಿ ಉಳಿಸಿ, ಮತ್ತೆ ಬೂಟ್ ಮಾಡುವುದು ರೂಢಿಯಾಯಿತು. ಭಾರತದಲ್ಲಿ ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕ ಅಂತರಜಾಲ ಸೇವೆ ಆರಂಭಿಸಿದ ಮೇಲೆ ಮನೆಗಳಲ್ಲಿ ಡಯಲ್‌ಅಪ್ಪೇ ದಾರಿಯಾಗಿತ್ತು. ಹಾಗಾಗಿ ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಲಿನಕ್ಸ್ ಸಿಡಿಗಳು ಇಲ್ಲಿ ಅಮೂಲ್ಯವಾಗಿದ್ದವು.

ಕೋನೆಕ್ಸಂಟ್ ಚಿಪ್‌ಗಳಿಗೆ ಕೆನಡಾದ ಲಿನಕ್ಸಂಟ್ ಕಂಪನಿ ಡ್ರೈವರ್ ಮಾರುತ್ತಿತ್ತು. ಉಚಿತ ಆವೃತ್ತಿಯ ವೇಗ ಸೆಕೆಂಡಿಗೆ 14,400 ಬಿಟ್‌ಗಳಿಗೆ ಸೀಮಿತ. ಏಪ್ರಿಲ್ 2004ರಲ್ಲಿ ಆ ಡ್ರೈವರಿನೊಳಗೆ ಪರವಾನಗಿಯನ್ನು ಸೂಚಿಸುವ ಸಾಲು ವಿವಾದವಾಯಿತು. ಸಾಲಿನಲ್ಲಿ ‘ಜಿಪಿಎಲ್’ ನಂತರ ಶೂನ್ಯ ಅಕ್ಷರವೊಂದಿತ್ತು. ಕರ್ನಲ್ ಅಲ್ಲಿಗೇ ಓದು ನಿಲ್ಲಿಸಿ ಇಡೀ ಡ್ರೈವರ್ ಮಾಡ್ಯೂಲನ್ನು ಜಿಪಿಎಲ್ ಎಂದು ನಂಬುತ್ತಿತ್ತು. ಮಿಕ್ಕ ಸಾಲು ಆ ಪರವಾನಗಿಯನ್ನು ಕೆಲವೇ ಕಡತಗಳಿಗೆ ಸೀಮಿತಗೊಳಿಸಿತ್ತು. ಜಿಪಿಎಲ್ ಅಲ್ಲದ ಮಾಡ್ಯೂಲ್ ಸೇರಿದಾಗ ಕರ್ನಲ್ ಪದೇ ಪದೇ ಕೊಡುವ ಎಚ್ಚರಿಕೆಗಳಿಂದ ಗ್ರಾಹಕರು ಗೊಂದಲಗೊಳ್ಳುತ್ತಾರೆಂಬುದು ಕಂಪನಿಯ ಸಮಜಾಯಿಷಿ. ಆದರೆ ಮುಚ್ಚಿದ ಕೋಡ್ ಸೇರಿದ ಕರ್ನಲ್‌ನ ದೋಷಗಳನ್ನು ಹುಡುಕಲಾಗದ ಡೆವಲಪರುಗಳಿಗೆ ಆ ಎಚ್ಚರಿಕೆ ಅಗತ್ಯವೇ ಆಗಿತ್ತು. ಅವರ ಕೋಪ ನ್ಯಾಯವಾದದ್ದು.

ಹೆಚ್ಚು ಅಚ್ಚುಕಟ್ಟಾದ ಏರ್ಪಾಡು ಸ್ಮಾರ್ಟ್ ಲಿಂಕ್ ಕಂಪನಿಯ ‘ಎಸ್‌ಎಲ್‌ಮೋಡೆಮ್‌ಡಿ’. ಇದು ಮೋಡೆಮ್‌ನ ಲೆಕ್ಕಾಚಾರವನ್ನು ಕರ್ನಲ್‌ನಿಂದ ಹೊರತಂದು ಸಾಮಾನ್ಯ ಪ್ರೋಗ್ರಾಮ್ ಆಗಿಸಿತು. ಕಾರ್ಡಿನೊಂದಿಗಿನ ವ್ಯವಹಾರವನ್ನು ಲಿನಕ್ಸ್‌ನ ಅಲ್ಸಾ ಧ್ವನಿ ವ್ಯವಸ್ಥೆಯ ಮುಕ್ತ ಡ್ರೈವರುಗಳು ನೋಡಿಕೊಂಡವು. ಕರ್ನಲ್ ಬದಲಾದರೂ ಮೋಡೆಮ್ ಉಳಿಯಿತು. ಸಂಕೇತ ಸಂಸ್ಕರಣೆಯ ಭಾಗ ಮಾತ್ರ ಇಲ್ಲೂ 32 ಬಿಟ್‌ನ ಮುಚ್ಚಿದ ಬೈನರಿಯೇ. 64 ಬಿಟ್ ಯಂತ್ರಗಳಲ್ಲಿ ಅದಕ್ಕಾಗಿ 32 ಬಿಟ್ ಲೈಬ್ರರಿಗಳನ್ನು ಸೇರಿಸಬೇಕಾಯಿತು. ಅಷ್ಟರಲ್ಲಿ ಬ್ರಾಡ್‌ಬ್ಯಾಂಡ್ ಹರಡಿ ಡಯಲ್‌ಅಪ್ ಬೇಡಿಕೆ ಕುಸಿಯಿತು, ಬೈನರಿಗಳ ಬೆಳವಣಿಗೆಯೂ ನಿಂತಿತು. ಇಂಟೆಲ್ ಮೋಡೆಮ್‌ಗಳ ಮುಕ್ತ ಅಲ್ಸಾ ಡ್ರೈವರ್ ಮಾತ್ರ ಡಯಲ್‌ಅಪ್ ಕಾಲ ಮುಗಿದ ಬಹುಕಾಲದ ನಂತರವೂ ಲಿನಕ್ಸ್ ಕರ್ನಲ್‌ನಲ್ಲಿ ಉಳಿದುಕೊಂಡಿತು.