ಖಲೀಫರ ಪತ್ರ ಮತ್ತು ಮಳವಳ್ಳಿಯ ಯುದ್ಧ

ಬೆಳಕವಾಡಿಯ ನಮಗೆ ಮಳವಳ್ಳಿ ತಾಲ್ಲೂಕು ಕೇಂದ್ರ. ಆ ಊರಿನ ಬಳಿ 1799ರ ಮಾರ್ಚ್ 27ರಂದು ಟಿಪ್ಪು ಸುಲ್ತಾನರ ಸೈನ್ಯ ಜನರಲ್ ಹ್ಯಾರಿಸ್‌ನ ಸೈನ್ಯವನ್ನು ಎದುರಿಸಿ ಸೋತು ಹಿಂದೆ ಸರಿಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಸುಲ್ತಾನರು ಹೋರಾಡುತ್ತಲೇ ಶಹೀದರಾದರು. ಈ ಚರಿತ್ರೆ ಹೇಳುವಾಗಲೆಲ್ಲ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇಸ್ತಾಂಬುಲಿನಲ್ಲಿ ಖಲೀಫರಿದ್ದರಲ್ಲ, ಅವರೇಕೆ ನೆರವಿಗೆ ಬರಲಿಲ್ಲ?

ಉತ್ತರ ಹುಡುಕಬೇಕಾದರೆ ಆಗಿನ ಒಂದೊಂದು ರಾಜ್ಯವೂ 'ನಾವು ಯಾರು' ಎಂಬುದಕ್ಕೆ ಏನು ಹೇಳಿಕೊಳ್ಳುತ್ತಿತ್ತು ಎಂದು ನೋಡಬೇಕು.

ಮೊದಲು ಮೈಸೂರು. ಟಿಪ್ಪು ಒಡೆಯರ ವಂಶದವರಲ್ಲ, ದೆಹಲಿಯ ಬಾದಶಾಹರ ಅಧೀನರಾಗಿರಲೂ ಅವರು ಒಪ್ಪಲಿಲ್ಲ. ತಮ್ಮ ಆಡಳಿತವನ್ನು 'ಸರ್ಕಾರೆ ಖುದಾದಾದ್', ಅಂದರೆ ದೇವರು ಕೊಟ್ಟ ಸರ್ಕಾರ ಎಂದು ಕರೆದರು. ಜುಮಾ ಖುತ್ಬಾದಲ್ಲಿ ಮೊಗಲ್ ಬಾದಶಾಹರ ಹೆಸರಿನ ಬದಲು ತಮ್ಮ ಹೆಸರು ಹೇಳಿಸಿದರು. ಖುತ್ಬಾದಲ್ಲಿ ಯಾರ ಹೆಸರೋ ಅವರೇ ದೊರೆ ಎಂಬುದು ಅಂದಿನ ರೂಢಿ. ಹೊಸ ದೊರೆತನಕ್ಕೆ ಮಾನ್ಯತೆ ಬೇಕಿತ್ತು. ಅದಕ್ಕಾಗಿಯೇ 1786ರಲ್ಲಿ ಗುಲಾಮ್ ಅಲಿ ಖಾನರ ನೇತೃತ್ವದ ನಿಯೋಗ ಹಡಗು ಹತ್ತಿತು. ಸೈನಿಕ ನೆರವು, ಬಸ್ರಾ ಬಂದರಿನಲ್ಲಿ ವ್ಯಾಪಾರದ ಹಕ್ಕು ಕೂಡ ಅದರ ಬೇಡಿಕೆಗಳಲ್ಲಿದ್ದವು. ನಿಯೋಗದ ಬಹಳಷ್ಟು ಮಂದಿ ದಾರಿಯಲ್ಲಿ ಕಾಯಿಲೆಗೆ ಬಲಿಯಾದರು.

ನಿಯೋಗಕ್ಕೆ ಇಸ್ತಾಂಬುಲಿನಲ್ಲಿ ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ. 1787ರಲ್ಲಿ ಉಸ್ಮಾನಿ ಸಾಮ್ರಾಜ್ಯ ರಷ್ಯಾದೊಡನೆ ಯುದ್ಧಕ್ಕಿಳಿದಿತ್ತು. ಖಲೀಫರ ಸ್ಥಾನ ಇಡೀ ಸಮುದಾಯದ್ದಾದರೂ ಕಾಯಬೇಕಾದ ಗಡಿ ಸಾಮ್ರಾಜ್ಯದ್ದು.

ಎರಡನೆಯ ನಿಯೋಗ ಫ್ರಾನ್ಸಿಗೆ ಹೋಯಿತು. 1788ರ ಆಗಸ್ಟ್‌ನಲ್ಲಿ ಹದಿನಾರನೆಯ ಲೂಯಿ ದೊರೆ ವರ್ಸೇಲ್ಸ್ ಅರಮನೆಯಲ್ಲಿ ಅದನ್ನು ವೈಭವದಿಂದ ಬರಮಾಡಿಕೊಂಡ. ಬೊಕ್ಕಸ ಬರಿದಾಗಿತ್ತು, ಇಂಗ್ಲೆಂಡಿನೊಡನೆ ಶಾಂತಿ ಒಪ್ಪಂದವೂ ಇತ್ತು. ಕೆಲವು ಕುಶಲಕರ್ಮಿಗಳನ್ನು ಕೊಟ್ಟು ಕಳುಹಿಸಿದ. ಮರುವರ್ಷವೇ ಕ್ರಾಂತಿಯಾಗಿ, ಮುಂದೆ ಅದೇ ದೇಶ ಗಣರಾಜ್ಯವಾಯಿತು. ಇಂಗ್ಲೆಂಡಿನೊಡನೆ ಯುದ್ಧ ಮತ್ತೆ ಹೊತ್ತಿಕೊಂಡಿತು. ಫ್ರೆಂಚರ ವೈರಿಗಳೆಂಬುದೇ ಇಂಗ್ಲಿಷರಿಗೆ ತಮ್ಮ ಗುರುತಾಯಿತು. ಹಾಗಾಗಿ 1798ರಲ್ಲಿ ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರ್ ಟಿಪ್ಪುವಿಗಾಗಿ ಸ್ವಯಂಸೇವಕರನ್ನು ಕರೆದಾಗ ಬಂದವರು ನೂರರ ಆಸುಪಾಸಿನವರಾದರೂ, ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಅದೇ ನೆಪವಾಯಿತು.

ಅದೇ ವರ್ಷ ನೆಪೋಲಿಯನ್ ಈಜಿಪ್ಟ್‌ಗೆ ನುಗ್ಗಿದ. ಈಜಿಪ್ಟ್ ಉಸ್ಮಾನಿಗಳ ಪ್ರಾಂತ್ಯ. ಫ್ರೆಂಚರು ಖಲೀಫರಿಗೆ ವೈರಿಗಳಾದರು, ಇಂಗ್ಲಿಷರು ಮಿತ್ರರಾದರು. ಸುಲ್ತಾನ್ ಮೂರನೆಯ ಸಲೀಮ್ ಟಿಪ್ಪುವಿಗೆ ಪತ್ರ ಬರೆದು ಫ್ರೆಂಚರ ಸಂಗ ಬಿಡಿ, ಇಂಗ್ಲಿಷರ ಮೇಲೆ ದೂರಿದ್ದರೆ ನಾವು ಸಂಧಾನ ಮಾಡಿಸುತ್ತೇವೆ ಎಂದು ತಿಳಿಸಿದರು. ಆ ಪತ್ರವನ್ನು ಟಿಪ್ಪುವಿಗೆ ತಲುಪಿಸಿದವರು ಇಂಗ್ಲಿಷರೇ! ಧರ್ಮಬಾಂಧವ್ಯದ ಮಾತು ಕಂಪನಿಯ ಕೆಲಸಕ್ಕೆ ಒದಗಿತು. ಮಳವಳ್ಳಿಯಲ್ಲಿ ಕಂಪನಿಯ ಜೊತೆ ನಿಂತಿದ್ದ ಹೈದರಾಬಾದಿನ ನಿಜಾಮರ ಪಡೆಯ ವಿಷಯವೂ ಇಂಥದ್ದೇ. ನಿಜಾಮರಿಗೆ ಟಿಪ್ಪು ಮೊದಲು ನೆರೆಯ ಪ್ರತಿಸ್ಪರ್ಧಿ, ಆಮೇಲೆ ಮುಸ್ಲಿಮ್.

ಇದರ ಜೊತೆಗೆ ಇನ್ನೊಂದು ಪತ್ರವ್ಯವಹಾರವನ್ನೂ ನೆನೆಯಬೇಕು. 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಮಠಕ್ಕೆ ನೆರವು ಕಳುಹಿಸಿ, ರಾಜ್ಯದ ಕ್ಷೇಮಕ್ಕಾಗಿ ಪ್ರಾರ್ಥಿಸುವಂತೆ ಸ್ವಾಮಿಗಳನ್ನು ಕೇಳಿಕೊಂಡರು. ಆ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಖಲೀಫರಿಂದ ಮಾನ್ಯತೆ ಬಯಸಿದ ದೊರೆಯೇ ಶೃಂಗೇರಿಯ ಆಶೀರ್ವಾದವನ್ನೂ ಬಯಸಿದರು. ಅವರಿಗೆ ಇವೆರಡೂ ಒಂದೇ ರಾಜ್ಯದ ಕೆಲಸಗಳು.

ಇಂದು ಟಿಪ್ಪುವಿನ ಹೆಸರೆತ್ತಿ ನಮ್ಮ ಮಕ್ಕಳನ್ನು 'ನೀವು ಯಾವ ದೇಶದವರು' ಎಂದು ಕೆಣಕುವವರಿದ್ದಾರೆ. ದೂರದ ದೇಶದ ನಾಯಕರೊಬ್ಬರ ಭಾಷಣ ಮೊಬೈಲಿನಲ್ಲಿ ಕೇಳಿ, ಅವರೇ ನಮ್ಮ ರಕ್ಷಕರು ಎಂದು ನಂಬುವವರೂ ನಮ್ಮಲ್ಲಿದ್ದಾರೆ. ಇಬ್ಬರಿಗೂ ಮಳವಳ್ಳಿಯ ಬಯಲೇ ಉತ್ತರ. ದೊಡ್ಡ ರಾಜ್ಯಗಳು ಧರ್ಮ, ಸ್ವಾತಂತ್ರ್ಯ, ನಾಗರಿಕತೆ ಎಂದು ತಮ್ಮ ಗುರುತನ್ನು ಸಾರುತ್ತವೆ. ಆ ಗುರುತಿನಿಂದಲೇ ಮಿತ್ರರನ್ನೂ ಶತ್ರುಗಳನ್ನೂ ಆರಿಸುತ್ತವೆ, ಗಡಿಗೆ ಅಪಾಯ ಬಂದಾಗ ಆಯ್ಕೆಯನ್ನು ಬದಲಿಸುತ್ತವೆ. ಟಿಪ್ಪು ಕೊನೆಯವರೆಗೆ ನಿಂತದ್ದು ಈ ಕಾವೇರಿ ಸೀಮೆಯಲ್ಲಿ, ಈ ಮಣ್ಣಿನ ಜನರ ಜೊತೆಗೆ. ನಮ್ಮ ಗುರುತೂ ಇಲ್ಲಿಯದೇ ಎಂದು ಮಕ್ಕಳಿಗೆ ಇಸವಿ ಸಮೇತ ಹೇಳಿಕೊಡೋಣ.