ನಮ್ಮ ಮನೆ ಕೋವಿ ಗುರಿ ಸ್ಪರ್ಧೆಗೆ ಯಾಕೆ ಆಗಲ್ಲ?

ಚುನಾವಣೆ ಘೋಷಣೆಯಾದ ಕೂಡಲೇ ಸಕಲೇಶಪುರ, ಆಲೂರು ಕಡೆಯ ಕೋವಿಗಳು ಠಾಣೆ ಸೇರುತ್ತವೆ. ಆ ಸುದ್ದಿ ಮಾಡಲು ಹೋಗಿದ್ದಾಗ, ಅಪ್ಪನ ಜೊತೆ ಬಂದಿದ್ದ ಪಿಯುಸಿ ಹುಡುಗನೊಬ್ಬ ಕೇಳಿದ: "ಅಣ್ಣಾ, ಈ ಕೋವೀಲೇ ಪ್ರಾಕ್ಟೀಸ್ ಮಾಡಿ ಶೂಟಿಂಗ್ ಕಾಂಪಿಟೇಷನ್‌ಗೆ ಹೋಗಬಹುದಾ?"

ಆಗಲ್ಲ ಅಂದೆ. ಯಾಕೆ ಅನ್ನೋದಕ್ಕೆ ಇನ್ನೂರು ವರ್ಷದ ಕಥೆ ಹೇಳಬೇಕು, ಅಲ್ಲಿ ಪುರುಸೊತ್ತಿರಲಿಲ್ಲ.

ನಮ್ಮ ಕಡೆ ಮನೆಗಳಲ್ಲಿರುವುದು ಹೆಚ್ಚಾಗಿ ಕೇಪಿನ ಕೋವಿ, ಇಲ್ಲವೇ 12 ಬೋರಿನ ತೋಟಾ ಕೋವಿ. ಒಂದು ಪೌಂಡ್ ಸೀಸದಲ್ಲಿ 12 ಸಮ ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪ ಬರುತ್ತದೋ ಅಷ್ಟು ಅಗಲದ ನಳಿಗೆ, ಅದಕ್ಕೇ 12 ಬೋರ್. ನಳಿಗೆಯ ಒಳಮೈ ನುಣುಪು. ಚರೆಗೆ ಅದು ಸರಿ, ಒಂಟಿ ಗುಂಡಿಗೆ ದೂರದ ಗುರಿ ಸಿಗದು. ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಗೆ ಎಂಟು ಮೂಲೆ ಇರುವುದೂ ಇಂಥ ಕೋವಿಗಳ ಲೆಕ್ಕದಲ್ಲೇ. ನೂರು ಗಜ ದಾಟಿದರೆ ಗುಂಡನ್ನು ನಂಬುವ ಹಾಗಿರಲಿಲ್ಲ, ಹಾಗಾಗಿ ಒಂದು ಗೋಡೆಯ ಬುಡವನ್ನು ಪಕ್ಕದ ಗೋಡೆಯಿಂದ ಕಾಯಬೇಕಿತ್ತು.

ನಳಿಗೆಯೊಳಗೆ ಸುರುಳಿ ಗೀರು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತಾ ನೆಟ್ಟಗೆ ಹೋಗುತ್ತದೆ. ಅದೇ ರೈಫಲ್. 1857ರ ದಂಗೆಗೆ ಕಿಡಿ ಹಚ್ಚಿದ ಕೊಬ್ಬು ಸವರಿದ ತೋಟಾ ಎನ್‌ಫೀಲ್ಡ್ ರೈಫಲ್‌ನದ್ದು. ಅದೇ ವರ್ಷ ಇಂಗ್ಲೆಂಡಿನಲ್ಲಿ ವಿಟ್‌ವರ್ತ್ ಎಂಬ ಎಂಜಿನಿಯರ್ ತನ್ನ ರೈಫಲ್ ಪರೀಕ್ಷೆಗೆ ಇಟ್ಟ. ಗುಂಡು ಸಣ್ಣ, ಉದ್ದ. ಉದ್ದದ ಗುಂಡು ಮಗುಚದಿರಲು ಅದು ಬೇಗ ತಿರುಗಬೇಕು, ಅದಕ್ಕೆ ಎನ್‌ಫೀಲ್ಡ್ 78 ಇಂಚಿಗೆ ಒಂದು ಸುತ್ತು ಕೊಟ್ಟರೆ ಇದು 20 ಇಂಚಿಗೇ ಒಂದು ಸುತ್ತು. ದೂರದ ಗುರಿಯಲ್ಲಿ ಎನ್‌ಫೀಲ್ಡ್ ಸೋತಿತು. ಆದರೆ ದುಬಾರಿ, ಬೇಗ ಮಸಿ ಕಟ್ಟುತ್ತೆ ಅಂತ ಸೈನ್ಯ ವಿಟ್‌ವರ್ತ್ ಬೇಡವೆಂದಿತು. ಸ್ಪರ್ಧೆಯವರು ಎತ್ತಿಕೊಂಡರು. 1860ರಲ್ಲಿ ವಿಂಬಲ್ಡನ್‌ನ ಮೊದಲ ದೊಡ್ಡ ಗುರಿ ಸ್ಪರ್ಧೆಗೆ ರಾಣಿ ವಿಕ್ಟೋರಿಯಾ 400 ಗಜದಿಂದ ಮೊದಲ ಈಡು ಹೊಡೆದದ್ದು ಇದರಲ್ಲೇ. ಯುದ್ಧಕ್ಕೆ ಬೇಕಾದ ರೈಫಲ್ ಬೇರೆ, ಸ್ಪರ್ಧೆಗೆ ಬೇಕಾದದ್ದು ಬೇರೆ ಅನ್ನೋದು ಆಗಲೇ ಗೊತ್ತಾಗಿತ್ತು.

ಅದೇ ಕಾಲಕ್ಕೆ ಮಂಜರಾಬಾದ್ ಕಡೆ ಕಾಫಿ ಹಾಕಿದ್ದ ರಾಬರ್ಟ್ ಎಲಿಯಟ್ ಎಂಬ ಬಿಳಿ ಪ್ಲಾಂಟರ್ 1894ರಲ್ಲಿ ಬರೆದ ಪುಸ್ತಕದಲ್ಲಿ ಕಾಫಿಯಷ್ಟೇ ಶಿಕಾರಿಯೂ ಇದೆ. ನಮ್ಮ ಬೆಟ್ಟಕ್ಕೆ ರೈಫಲ್ ಬಂದದ್ದು ಹುಲಿಗೆ, ಹಲಗೆಗಲ್ಲ. ಆಮೇಲೆ ಯಾವ ರೈಫಲ್ ಅನ್ನೋದನ್ನು ಕಾನೂನೇ ಆರಿಸಿತು. ಕದ್ದ ಸೈನ್ಯದ ಮದ್ದುಗುಂಡು ಜನರ ಕೋವಿಗೆ ಹೊಂದಬಾರದೆಂದು ಬ್ರಿಟಿಷರು 303 ತೋಟಾವನ್ನು ಜನರಿಗೆ ನಿಷೇಧಿಸಿದರು. ಅದರ ಬದಲಿಗೆ ಬಂದದ್ದೇ 315. ಸ್ವಾತಂತ್ರ್ಯದ ನಂತರವೂ ಇಚ್ಛಾಪುರದ ಸರ್ಕಾರಿ ಕಾರ್ಖಾನೆ ಜನರಿಗೆ 315 ಮಾಡಿಕೊಟ್ಟಿತು.

ಯಸಳೂರು ದಾಟಿ ಕೊಡ್ಲಿಪೇಟೆಗೆ ಹೋದರೆ ಕಥೆಯೇ ಬೇರೆ. ಕೊಡವರಿಗೆ 1861ರಿಂದಲೂ ಕೋವಿ ಲೈಸೆನ್ಸಿನಿಂದ ವಿನಾಯಿತಿ. ಕೈಲ್‌ಪೋದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಅಲ್ಲಿ ಹಬ್ಬ. ಇಲ್ಲಿ ಕೋವಿ ಅಂದರೆ ಹಂದಿ ಕಾಯುವುದು, ಅಷ್ಟೇ.

ಈಗ ಹುಡುಗನ ಪ್ರಶ್ನೆಗೆ ಬರೋಣ. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿ.ಮೀ., ಹೆಚ್ಚುಕಮ್ಮಿ ಒಂದು ಕಾಫಿ ಬೀಜದ ಉದ್ದ. 12 ಬೋರಿನ ಗುಂಡು 18 ಮಿ.ಮೀ. ಮೀರುತ್ತದೆ! ಸ್ಪರ್ಧೆಗೆ ಬಳಸುವುದು ಪಾಯಿಂಟ್ 22. ಅದರ ತೋಟಾವನ್ನು ಬೇಕೆಂದೇ ಶಬ್ದದ ವೇಗಕ್ಕಿಂತ ಸ್ವಲ್ಪ ನಿಧಾನ ಮಾಡಿರುತ್ತಾರೆ. ಶಬ್ದದ ವೇಗಕ್ಕಿಂತ ಕೆಳಗೆ ಇಳಿಯುವಾಗ ಗುಂಡು ಅಲುಗಾಡುತ್ತದೆ, ಮೊದಲೇ ಕೆಳಗಿದ್ದರೆ ಆ ತೊಂದರೆ ಇಲ್ಲ. ಒಂದೇ ಕಂಪನಿಯ ತೋಟಾ ಆದರೂ ಲಾಟ್‌ನಿಂದ ಲಾಟ್‌ಗೆ ವ್ಯತ್ಯಾಸ. ಹಾಗಾಗಿ ಒಳ್ಳೇ ಶೂಟರ್‌ಗಳು ರೈಫಲನ್ನು ಅಲುಗದಂತೆ ಬಿಗಿದು, ಹಲವು ಲಾಟ್ ಹೊಡೆದು ನೋಡಿ, ತೂತುಗಳು ಯಾವುದರಲ್ಲಿ ಹತ್ತಿರ ಬೀಳುತ್ತವೋ ಅದನ್ನೇ ರಾಶಿ ಕೊಳ್ಳುತ್ತಾರೆ. ಪಕ್ಕದ ಮನೆಯವರ ರೈಫಲ್‌ಗೆ ಒಪ್ಪಿದ ತೋಟಾ ನಿಮ್ಮದಕ್ಕೆ ಒಪ್ಪದೇ ಇರಬಹುದು. ನಳಿಗೆ, ಗುಂಡು ಜೋಡಿಯಾಗಿಯೇ ಆರಿಸಬೇಕು.

ಇನ್ನೊಂದು ಮಾತು. ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸ್ ಸ್ಪರ್ಧೆಯ ಲೈಸೆನ್ಸ್ ಅಲ್ಲ. ಅಪ್ಪನ ಕೋವಿ ಹಿಡಿದು ಗುಡ್ಡಕ್ಕೆ ಹೋಗಬೇಡಿ.

ಆ ಹುಡುಗ ಮತ್ತೆ ಸಿಕ್ಕರೆ ಏರ್ ರೈಫಲ್ ಹೆಸರು ಹೇಳುತ್ತೇನೆ. 177 ಬೋರಿನ ಸ್ಪರ್ಧೆಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ, 10 ಮೀಟರ್ ಉದ್ದದ ಜಾಗ ಮತ್ತು ಕಲಿಸುವವರು ಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯವರು ಅನ್ನೋದನ್ನೂ ಹೇಳಬೇಕು.